ಕಂಪ್ಯೂಟರಿನೊಳಗಿನ ಕಡಲನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಕುಂದಾಪುರದ ಹತ್ತಿರ. ಒಂದು ಹನಿ ಕಡಲನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ, ಅವುಗಳಲ್ಲಿ ಬಹುಪಾಲನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಇನ್ನೂ ಆಗಿಲ್ಲ ಎಂದು ಓದಿದೆ. ಇನ್ನೊಂದೆಡೆ, 2100ರ ಹೊತ್ತಿಗೆ ಸಮುದ್ರದ ಉತ್ಪಾದಕತೆ ಶೇಕಡಾ ಇಷ್ಟು ಕುಸಿಯುತ್ತದೆ ಎಂದು ಕಂಪ್ಯೂಟರ್ ಮಾದರಿಗಳು ಹೇಳುತ್ತವೆ ಎಂಬ ಸುದ್ದಿ ಬರುತ್ತಿರುತ್ತದೆ. ಹೆಸರೇ ಗೊತ್ತಿಲ್ಲದ ಜೀವಿಗಳನ್ನು ಸಮೀಕರಣಕ್ಕೆ ತರುವುದು ಹೇಗೆ? ಈ ಮಾದರಿಗಳನ್ನು ಎಷ್ಟು ನಂಬಬಹುದು? ನಮ್ಮ ಅರಬ್ಬಿ ಸಮುದ್ರಕ್ಕೆ ಇವು ಅನ್ವಯಿಸುತ್ತವೆಯೇ?

ಉತ್ತರ: ಚಿಕ್ಕ ಉತ್ತರ ಸಾಕೆನ್ನುವವರಿಗೆ ಅದನ್ನು ಮೊದಲೇ ಕೊಟ್ಟುಬಿಡುತ್ತೇನೆ. ಕಡಲಿನ ಸೂಕ್ಷ್ಮಜೀವಿಗಳು ಹೇಗೆ ಬೆಳೆಯುತ್ತವೆ ಎಂಬ ವಿಷಯದಲ್ಲಿ ಮಾದರಿಗಳನ್ನು ಸಾಕಷ್ಟು ನಂಬಬಹುದು. ಅವು ಹೇಗೆ ಸಾಯುತ್ತವೆ ಎಂಬ ವಿಷಯದಲ್ಲಿ ಅಷ್ಟು ನಂಬುವಂತಿಲ್ಲ. ಸುದ್ದಿಯಲ್ಲಿ ಬರುವ ಶೇಕಡಾವಾರು ಸಂಖ್ಯೆಗಳಲ್ಲಿ ಇವೆರಡೂ ಬೆರೆತಿರುತ್ತವೆ. ಓದುವವರಿಗೆ ಕಾಣುವುದು ಒಂದೇ ಸಂಖ್ಯೆ.

ಹೆಸರು ಗೊತ್ತಿಲ್ಲದಿರುವುದು ನೀವು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪ್ರಮಾಣದ ಅಂದಾಜು ಇರಲಿ. ಕಡಲಿನ ಮೇಲ್ಪದರದ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳೂ ಅವುಗಳ ಹತ್ತು ಪಟ್ಟು ವೈರಸ್‌ಗಳೂ ಇರುತ್ತವೆ. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸರಿಸುಮಾರು ಅರ್ಧದಷ್ಟು ನಡೆಯುವುದು ಸಮುದ್ರದಲ್ಲಿ. ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲ ಅಲ್ಲಿ ಜೀವದ್ರವ್ಯವಾಗಿ ಮಾರ್ಪಡುತ್ತದೆ. ಸಮುದ್ರದ ಉತ್ಪಾದಕತೆ ಎನ್ನುವುದು ಇದನ್ನೇ. ಇಷ್ಟು ದುಡಿಯುವ ಸಸ್ಯಪ್ಲವಕಗಳನ್ನೆಲ್ಲ (ನೀರಿನಲ್ಲಿ ತೇಲುತ್ತ ದ್ಯುತಿಸಂಶ್ಲೇಷಣೆ ಮಾಡುವ ಸೂಕ್ಷ್ಮಜೀವಿಗಳನ್ನೆಲ್ಲ) ಯಾವುದೇ ದಿನ ಒಟ್ಟುಗೂಡಿಸಿ ತೂಗಿದರೆ ಅವುಗಳಲ್ಲಿರುವ ಇಂಗಾಲ ನೂರು ಕೋಟಿ ಟನ್ ಆಸುಪಾಸು. ನೆಲದ ಮೇಲಿನ ಗಿಡಮರಗಳಲ್ಲಿರುವುದು 45,000 ಕೋಟಿ ಟನ್. ಶೇಕಡಾ ಒಂದಕ್ಕೂ ಕಡಿಮೆ ಸರಕು ಅರ್ಧ ದುಡಿಮೆ ಮಾಡುತ್ತಿದೆ.

ಬೆಂಗಳೂರಿನ ದರ್ಶಿನಿ ಹೋಟೆಲಿನಲ್ಲಿ ಯಾವ ಕ್ಷಣ ನೋಡಿದರೂ ಇಪ್ಪತ್ತು ಮೂವತ್ತು ಜನ ನಿಂತು ತಿನ್ನುತ್ತಿರುತ್ತಾರೆ. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವವನಿಗೆ ಮಾತ್ರ ಸಾವಿರಾರು ಜನ ಬಂದುಹೋದದ್ದು ಗೊತ್ತು. ಕಡಲಿನ ಪ್ಲವಕಗಳ ಕಥೆಯೂ ಅದೇ. ಇಡೀ ಸಂತತಿ ಸರಾಸರಿ ಒಂದು ವಾರದಲ್ಲಿ ಬದಲಾಗುತ್ತದೆ. ಎಷ್ಟು ವೇಗದಲ್ಲಿ ಹುಟ್ಟುತ್ತವೆಯೋ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಸಾಯುತ್ತವೆ ಎಂಬುದು ಇದರ ನೇರ ಅರ್ಥ. ನೀವು ಭೌತಶಾಸ್ತ್ರದವರು, ಇದರ ಪರಿಣಾಮ ತಕ್ಷಣ ಹೊಳೆಯುತ್ತದೆ. ಎರಡು ದೊಡ್ಡ ಸಂಖ್ಯೆಗಳ ನಡುವಿನ ಚಿಕ್ಕ ವ್ಯತ್ಯಾಸವನ್ನು ನಾವು ಲೆಕ್ಕ ಹಾಕಬೇಕಾಗಿದೆ. ಎರಡರಲ್ಲಿ ಒಂದು ತುಸು ತಪ್ಪಿದರೂ ವ್ಯತ್ಯಾಸ ಪೂರಾ ತಪ್ಪುತ್ತದೆ.

ಇಷ್ಟು ಮುಖ್ಯವಾದ ಜೀವಿಗಳನ್ನು ವಿಜ್ಞಾನ ಎಷ್ಟು ತಡವಾಗಿ ನೋಡಿತು ಎಂಬುದೇ ಒಂದು ಸೋಜಿಗ. ಪ್ರೊಕ್ಲೊರೊಕಾಕಸ್ ಎಂಬ ಬ್ಯಾಕ್ಟೀರಿಯಾ ಭೂಮಿಯಲ್ಲಿ ಅತ್ಯಂತ ಹೆಚ್ಚು ಸಂಖ್ಯೆಯಲ್ಲಿರುವ ದ್ಯುತಿಸಂಶ್ಲೇಷಕ ಜೀವಿ. ಅದರ ಒಟ್ಟು ಸಂಖ್ಯೆಯ ಅಂದಾಜು 3ರ ಮುಂದೆ 27 ಸೊನ್ನೆ. ಆದರೂ 1980ರ ದಶಕದ ಮಧ್ಯಭಾಗದವರೆಗೆ ಅದು ಇದೆ ಎಂದೇ ಯಾರಿಗೂ ತಿಳಿದಿರಲಿಲ್ಲ. ರಕ್ತಕಣಗಳನ್ನು ಎಣಿಸಲು ವೈದ್ಯಕೀಯ ಕ್ಷೇತ್ರದವರು ಬಳಸುತ್ತಿದ್ದ ಫ್ಲೋ ಸೈಟೋಮೀಟರ್ ಎಂಬ ಯಂತ್ರವನ್ನು ರಾಬರ್ಟ್ ಓಲ್ಸನ್, ಸ್ಯಾಲಿ ಚಿಸ್ಹೋಮ್ ಮತ್ತು ಸಂಗಡಿಗರು ಹಡಗಿಗೆ ಹತ್ತಿಸಿದರು. ಲೇಸರ್ ಕಿರಣದ ಎದುರು ಕೋಶಗಳು ಒಂದೊಂದಾಗಿ ಸಾಗುವಾಗ ಹೊಮ್ಮುವ ಬೆಳಕನ್ನು ಅದು ಅಳೆಯುತ್ತದೆ. ಯಂತ್ರದ ಗದ್ದಲದ ಅಂಚಿನಲ್ಲೇ ಮಸುಕಾದ ಕೆಂಪು ಸಂಕೇತಗಳು ಕಾಣಿಸಿಕೊಂಡವು. ಉಪಕರಣದ ದೋಷವೆಂದು ತಳ್ಳಿಹಾಕಬಹುದಾಗಿದ್ದ ಆ ಸಂಕೇತಗಳು ಆಳಕ್ಕೆ ಹೋದಂತೆ ಕ್ರಮಬದ್ಧವಾಗಿ ಬಲಗೊಳ್ಳುತ್ತಿದ್ದವು. ದೋಷ ಹಾಗೆ ವರ್ತಿಸುವುದಿಲ್ಲ. 1988ರಲ್ಲಿ ಸಂಶೋಧನೆ ಪ್ರಕಟವಾಯಿತು. ಕೋಶದ ಅಗಲ ಸುಮಾರು 0.6 ಮೈಕ್ರೊಮೀಟರ್, ನಿಮ್ಮ ತಲೆಗೂದಲಿನ ಅಗಲಕ್ಕೆ ನೂರು ಕೋಶಗಳನ್ನು ಸಾಲಾಗಿ ಇಡಬಹುದು.

ಇನ್ನೊಂದು ಜೀವಿಯ ಕಥೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. 1990ರಲ್ಲಿ ಸ್ಟೀಫನ್ ಜಿಯೊವನ್ನೊನಿಯವರ ತಂಡ ಸಾರ್ಗಾಸೊ ಸಮುದ್ರದ ನೀರಿನಿಂದ ನೇರವಾಗಿ ಜೀನ್‌ಗಳನ್ನು ತೆಗೆದು ಓದಿತು. ಯಾವ ಪುಸ್ತಕದಲ್ಲೂ ಇಲ್ಲದ ಒಂದು ಬ್ಯಾಕ್ಟೀರಿಯಾ ಗುಂಪು ಸಿಕ್ಕಿತು. ಅದಕ್ಕೆ ಸಾರ್-11 ಎಂಬ ಸಂಕೇತನಾಮವಷ್ಟೇ ಇತ್ತು. ಮುಂದೆ ನೋಡಿದರೆ ಅದು ಎಲ್ಲ ಸಾಗರಗಳಲ್ಲೂ ಇತ್ತು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆದದ್ದು 2002ರಲ್ಲಿ, ಅದೂ ಪೌಷ್ಟಿಕ ದ್ರಾವಣ ಕೊಟ್ಟಲ್ಲ, ಬಹುತೇಕ ಏನೂ ಇಲ್ಲದ ಸಾದಾ ಕಡಲನೀರಿನಲ್ಲಿ. ಹೆಚ್ಚು ಆಹಾರ ಕೊಟ್ಟು ಬೆಳೆಸುವ ನಮ್ಮ ರೂಢಿಯೇ ಅಷ್ಟು ವರ್ಷ ಅಡ್ಡಿಯಾಗಿತ್ತು. ಈ ಹನ್ನೆರಡು ವರ್ಷಗಳ ಕಾಲ ಲೋಕದ ಅತಿ ಸಾಮಾನ್ಯ ಜೀವಿಗಳಲ್ಲೊಂದು ನಮಗೆ ಬರೀ ಒಂದು ಜೀನ್‌ನ ಅಕ್ಷರಮಾಲೆಯಾಗಿತ್ತು.

ಈಗ ಮಾದರಿಗೆ ಬರೋಣ. ಇದರ ಮೂಲಪುರುಷರಲ್ಲಿ ಒಬ್ಬರು ಗಾರ್ಡನ್ ರೈಲಿ. ಅಮೆರಿಕದ ಈಶಾನ್ಯ ಕರಾವಳಿಯಾಚೆ ಜಾರ್ಜಸ್ ಬ್ಯಾಂಕ್ ಎಂಬ ಮೀನುಗಾರಿಕೆಯ ತಾಣವಿದೆ. ಅಲ್ಲಿನ ಸಸ್ಯಪ್ಲವಕಗಳ ಋತುಮಾನದ ಏರಿಳಿತವನ್ನು ಅವರು 1946ರಲ್ಲಿ ಒಂದು ಸರಳ ಸಮೀಕರಣದಿಂದ ಲೆಕ್ಕ ಹಾಕಿ ತೋರಿಸಿದರು. ಬದಲಾವಣೆಯ ವೇಗವೆಂದರೆ ದ್ಯುತಿಸಂಶ್ಲೇಷಣೆಯಿಂದ ಉಸಿರಾಟವನ್ನೂ ಮೇಯುವಿಕೆಯನ್ನೂ ಕಳೆದದ್ದು, ಅಷ್ಟೆ. ಬೆಳಕು, ಉಷ್ಣತೆ, ಪೋಷಕಾಂಶ, ಪ್ರಾಣಿಪ್ಲವಕಗಳ (ಸಸ್ಯಪ್ಲವಕಗಳನ್ನು ಮೇಯುವ, ತೇಲುವ ಚಿಕ್ಕ ಪ್ರಾಣಿಗಳ) ಸಂಖ್ಯೆ ಇವುಗಳಿಂದ ಒಂದೊಂದು ಪದದ ಬೆಲೆ ಬರುತ್ತಿತ್ತು. ಇಂದಿನ ಮಾದರಿಗಳ ಅಸ್ಥಿಪಂಜರ ಅದೇ. 1990ರಲ್ಲಿ ಮೈಕೆಲ್ ಫ್ಯಾಶಮ್ ಮತ್ತು ಸಂಗಡಿಗರು ಬರ್ಮುಡಾದ ಬಳಿಯ ನೀರಿಗಾಗಿ ಏಳು ಪೆಟ್ಟಿಗೆಗಳ ಮಾದರಿ ಕಟ್ಟಿದರು. ಸಸ್ಯಪ್ಲವಕ, ಪ್ರಾಣಿಪ್ಲವಕ, ಬ್ಯಾಕ್ಟೀರಿಯಾ, ನೈಟ್ರೇಟ್, ಅಮೋನಿಯಂ, ಕರಗಿದ ಸಾವಯವ ಸಾರಜನಕ, ಕಸ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹರಿಯುವ ಚಲಾವಣೆಯ ನಾಣ್ಯ ಸಾರಜನಕ.

ಆ ಮಾದರಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಪ್ರತ್ಯೇಕ ಪೆಟ್ಟಿಗೆ ಸಿಕ್ಕದ್ದು ಸುಮ್ಮನೆ ಅಲ್ಲ. ಸಸ್ಯಪ್ಲವಕವನ್ನು ಪ್ರಾಣಿಪ್ಲವಕ ತಿನ್ನುತ್ತದೆ, ಅದನ್ನು ಮೀನು ತಿನ್ನುತ್ತದೆ ಎಂಬ ಶಾಲಾಪುಸ್ತಕದ ನೇರ ಸರಪಳಿಯನ್ನು ಲಾರೆನ್ಸ್ ಪೊಮರಾಯ್ 1974ರಲ್ಲೇ ಪ್ರಶ್ನಿಸಿದ್ದರು. 1983ರಲ್ಲಿ ಫಾರೂಕ್ ಅಜಮ್ ಮತ್ತು ಸಂಗಡಿಗರು ಅದಕ್ಕೆ ಸ್ಪಷ್ಟ ರೂಪ ಕೊಟ್ಟರು. ಉತ್ಪಾದನೆಯ ದೊಡ್ಡ ಪಾಲು ಕರಗಿದ ಸಾವಯವ ವಸ್ತುವಾಗಿ ನೀರಿಗೆ ಸೋರುತ್ತದೆ. ಅದನ್ನು ಬ್ಯಾಕ್ಟೀರಿಯಾ ಹೀರುತ್ತವೆ, ಬ್ಯಾಕ್ಟೀರಿಯಾವನ್ನು ಏಕಕೋಶ ಬೇಟೆಗಾರರು ತಿನ್ನುತ್ತವೆ, ಅಲ್ಲಿಂದ ಒಂದಿಷ್ಟು ಮೇಲಿನ ಸರಪಳಿಗೆ ಮರಳುತ್ತದೆ. ಇದನ್ನು ಸೂಕ್ಷ್ಮಜೀವಿ ವರ್ತುಲ ಎನ್ನುತ್ತಾರೆ. ಅರಬ್ಬಿ ಸಮುದ್ರದ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಬೆಳವಣಿಗೆಯ ಪದ ಎಲ್ಲ ಮಾದರಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಗರಿಷ್ಠ ವೇಗ, ಅದಕ್ಕೆ ಬೆಳಕಿನ ಮಿತಿ, ಪೋಷಕಾಂಶದ ಮಿತಿ. ಪೋಷಕಾಂಶದ ಮಿತಿಗೆ N/(N+K) ಎಂಬ ಗುಣಕ. ಇಲ್ಲಿ K ಎಂದರೆ ಬೆಳವಣಿಗೆ ಅರ್ಧಕ್ಕಿಳಿಯುವ ಸಾಂದ್ರತೆ. ಇದರ ಮೇಲೆ ಪ್ರವಾಹ, ಮಿಶ್ರಣಗಳ ಭೌತಶಾಸ್ತ್ರ ಸೇರುತ್ತದೆ, ಅದು ನಿಮಗೆ ಪರಿಚಿತವಾದ ಸಾಗಣೆ–ವಿಸರಣ ಸಮೀಕರಣವೇ. ಹೆಸರು ಯಾಕೆ ಮುಖ್ಯವಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಮಾದರಿಗೆ ಜೀವಿ ಯಾರು ಎಂಬುದು ಬೇಡ. ಏನು ತಿನ್ನುತ್ತದೆ, ಎಷ್ಟು ವೇಗದಲ್ಲಿ, ಯಾವ ಬೆಳಕಿನಲ್ಲಿ, ಯಾವ ಉಷ್ಣತೆಯಲ್ಲಿ ಎಂಬಷ್ಟು ಬೇಕು.

ಆದರೆ ಆ ಬೆಲೆಗಳನ್ನು ಎಲ್ಲಿಂದ ತರುವುದು? ಸಾವಿರಾರು ಜೀವಿಗಳಿಗೆ ಒಂದೊಂದು K ಅಳೆಯಲು ಯಾರಿಂದಲೂ ಆಗದು. ಇದಕ್ಕೆ ಸಿಕ್ಕ ಉತ್ತರ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಚೆಲುವಾದ ಕೆಲಸ. ಅಮೆರಿಕದ ಎಂಐಟಿಯಲ್ಲಿ ಮೈಕ್ ಫಾಲೋಸ್, ಸ್ಟೆಫನಿ ಡಟ್ಕೆವಿಚ್, ಸ್ಕಾಟ್ ಗ್ರಾಂಟ್ ಮತ್ತು ಮೇಲೆ ಹೇಳಿದ ಚಿಸ್ಹೋಮ್ 2007ರಲ್ಲಿ ಬೆಲೆಗಳನ್ನು ಅಳೆಯುವ ಗೋಜಿಗೇ ಹೋಗಲಿಲ್ಲ. 78 ಬಗೆಯ ಕಾಲ್ಪನಿಕ ಸಸ್ಯಪ್ಲವಕಗಳನ್ನು ಸೃಷ್ಟಿಸಿ, ಅವುಗಳ ಗುಣಗಳನ್ನು ಯಾದೃಚ್ಛಿಕವಾಗಿ ಹಂಚಿ, ಇಡೀ ಜಗತ್ತಿನ ಸಾಗರದ ಮಾದರಿಯೊಳಗೆ ಬಿಟ್ಟರು. ಒಂದೇ ನಿರ್ಬಂಧ: ಎಲ್ಲ ಒಳ್ಳೆಯ ಗುಣಗಳೂ ಒಬ್ಬರಿಗೇ ಇಲ್ಲ. ಚಿಕ್ಕ ಕೋಶಕ್ಕೆ ಅಲ್ಪ ಆಹಾರದಲ್ಲಿ ಬದುಕುವ ಶಕ್ತಿ, ಆದರೆ ಬೆಳವಣಿಗೆ ನಿಧಾನ. ದೊಡ್ಡದಕ್ಕೆ ವೇಗದ ಬೆಳವಣಿಗೆ, ಆದರೆ ಹಸಿವು ಜಾಸ್ತಿ. ಮಾದರಿ ಓಡಿದಂತೆ ಬಹಳಷ್ಟು ಬಗೆಗಳು ಅಳಿದುಹೋದವು. ಉಳಿದವು ತಮ್ಮ ತಮ್ಮ ಜಾಗ ಹಿಡಿದವು. ಉಷ್ಣವಲಯದ ಬಡ ನೀರಿನಲ್ಲಿ ಪ್ರೊಕ್ಲೊರೊಕಾಕಸ್‌ನಂತಹ ಚಿಕ್ಕವು, ಧ್ರುವಗಳತ್ತ ಡಯಾಟಮ್‌ಗಳಂತಹ ದೊಡ್ಡವು. ಪ್ರೊಕ್ಲೊರೊಕಾಕಸ್‌ನ ಒಳಪಂಗಡಗಳ ಹಂಚಿಕೆ ಕೂಡ ಅಟ್ಲಾಂಟಿಕ್‌ನಲ್ಲಿ ಹಡಗುಗಳು ಅಳೆದುಕೊಂಡು ಬಂದದ್ದಕ್ಕೆ ಒಂದು ಮಟ್ಟಿಗೆ ಹೊಂದಿತು. ಯಾರೂ ಅದನ್ನು ಹಾಗೆ ಬರೆದು ಕೊಟ್ಟಿರಲಿಲ್ಲ.

ಈ ಕೆಲಸವನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ಇನ್ನೊಂದು ಮಾತು ಸೇರಿಸಬೇಕು. ಗುಣಗಳು ಯಾದೃಚ್ಛಿಕವಾಗಿದ್ದರೂ ಗುಣಗಳ ನಡುವಿನ ಕೊಡುಕೊಳ್ಳುವಿಕೆಯನ್ನು ಕೂಡಿಸಿದ್ದು ಮನುಷ್ಯರೇ. ಚಿಕ್ಕದ್ದು ನಿಧಾನ ಎಂಬ ನಿಯಮವನ್ನು ಮೊದಲೇ ಇಟ್ಟ ಮೇಲೆ ಬಡ ನೀರಿನಲ್ಲಿ ಚಿಕ್ಕದ್ದು ಗೆದ್ದರೆ ಅದರಲ್ಲಿ ಒಂದು ಪಾಲು ನಾವೇ ಇಟ್ಟದ್ದು. ಅಚ್ಚರಿಯ ಪಾಲು ಬೇರೆ ಕಡೆ ಇದೆ: ಒಂದೇ ಜಾಗದಲ್ಲಿ ಅನೇಕ ಬಗೆಗಳು ಒಟ್ಟಿಗೆ ಉಳಿದವು. ಜಿ. ಇ. ಹಚಿನ್ಸನ್ 1961ರಲ್ಲಿ ಕೇಳಿದ್ದ ಪ್ರಶ್ನೆ ಇದೇ ಆಗಿತ್ತು. ನೀರಿನಲ್ಲಿ ಕೊರತೆಯಿರುವ ಪೋಷಕಾಂಶಗಳು ನಾಲ್ಕೋ ಐದೋ, ಸ್ಪರ್ಧೆಯ ಸಿದ್ಧಾಂತದ ಪ್ರಕಾರ ಅಷ್ಟೇ ಜಾತಿಗಳು ಉಳಿಯಬೇಕು. ಆದರೆ ಒಂದು ಬಕೆಟ್ ನೀರಿನಲ್ಲಿ ಡಜನುಗಟ್ಟಲೆ ಜಾತಿಗಳಿರುತ್ತವೆ, ಯಾಕೆ? ಹಲವು ಉತ್ತರಗಳು ಬಂದಿವೆ. ನನಗೆ ಹೆಚ್ಚು ತೂಕದ್ದೆನಿಸುವುದು ಬೇಟೆಗಾರರ ಪಾತ್ರ. ಯಾರು ಹೆಚ್ಚುತ್ತಾರೋ ಅವರನ್ನೇ ಹೆಚ್ಚು ತಿನ್ನುವವರಿದ್ದರೆ ಯಾರೂ ಪೂರ್ತಿ ಗೆಲ್ಲುವುದಿಲ್ಲ. ವೈರಸ್‌ಗಳು ಇದನ್ನು ಇನ್ನೂ ಚುರುಕಾಗಿ ಮಾಡುತ್ತವೆ, ಏಕೆಂದರೆ ಒಂದೊಂದು ವೈರಸ್ ಒಂದು ಜಾತಿಗೋ ಒಂದು ಒಳಪಂಗಡಕ್ಕೋ ಮೀಸಲು.

ಅಂದರೆ ಮತ್ತೆ ಸಾವಿನ ವಿಷಯಕ್ಕೇ ಬಂದೆವು. ಮಾದರಿಗಳು ನಿಜವಾಗಿ ತಡವರಿಸುವ ಜಾಗ ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಬೆಳವಣಿಗೆಯನ್ನು ಬಾಟಲಿಯಲ್ಲಿ ಅಳೆಯಬಹುದು. ಸಾವನ್ನು ಅಳೆಯುವುದು ಹೇಗೆ? ಕೋಶವನ್ನು ತಿಂದವನು ಗುರುತು ಬಿಟ್ಟುಹೋಗುವುದಿಲ್ಲ. 1982ರಲ್ಲಿ ಮೈಕೆಲ್ ಲ್ಯಾಂಡ್ರಿ ಮತ್ತು ಆರ್. ಪಿ. ಹ್ಯಾಸೆಟ್ ಒಂದು ಜಾಣ ಉಪಾಯ ಹೂಡಿದರು. ಕಡಲನೀರಿಗೆ, ಅದೇ ಜಾಗದ ಸೋಸಿದ ನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸುವುದು. ತೆಳುವಾದಷ್ಟೂ ಬೇಟೆಗಾರನಿಗೆ ಬೇಟೆ ಎದುರಾಗುವುದು ಕಡಿಮೆ. ಆದರೆ ಕೋಶ ತಾನಾಗಿ ವಿಭಜನೆಯಾಗುವ ವೇಗ ಬದಲಾಗದು. ನಾಲ್ಕಾರು ಬಾಟಲಿಗಳ ನಿವ್ವಳ ಬೆಳವಣಿಗೆಯನ್ನು ತೆಳುತನದ ಎದುರು ಗುರುತಿಸಿ ಗೆರೆ ಎಳೆದರೆ, ಗೆರೆಯ ಇಳಿಜಾರು ಮೇಯುವಿಕೆಯ ವೇಗವನ್ನೂ, ಅದು ಅಕ್ಷವನ್ನು ಮುಟ್ಟುವ ಬಿಂದು ಬೇಟೆಗಾರರಿಲ್ಲದ ಬೆಳವಣಿಗೆಯನ್ನೂ ಕೊಡುತ್ತದೆ. ಪ್ರಪಂಚದ ನಾನಾ ಕಡೆ ಈ ಪ್ರಯೋಗ ಮಾಡಿ ತಿಳಿದದ್ದು ಇಷ್ಟು: ಸಸ್ಯಪ್ಲವಕಗಳ ದಿನದ ಉತ್ಪಾದನೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟನ್ನು ತಿನ್ನುವುದು ಬರಿಗಣ್ಣಿಗೆ ಕಾಣದ ಏಕಕೋಶ ಬೇಟೆಗಾರರು. ಸೀಗಡಿಯಂತಹ ಚಿಕ್ಕ ಪ್ರಾಣಿಗಳಿಗೆ ಸಿಗುವುದು ಉಳಿದದ್ದರಲ್ಲಿ ಒಂದು ಪಾಲು. ವೈರಸ್‌ಗಳ ಲೆಕ್ಕ ಇನ್ನೂ ಕಷ್ಟ. ಅವು ಕಡಲಿನಲ್ಲಿ ಇಷ್ಟೊಂದು ಇವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎಣಿಸಿ ತೋರಿಸಿದ್ದೇ 1989ರಲ್ಲಿ. ವೈರಸ್ ಕೊಂದ ಕೋಶ ಒಡೆದು ಅದರೊಳಗಿನದು ಮೀನಿನ ಕಡೆಗೆ ಹೋಗದೆ ಮತ್ತೆ ನೀರಿಗೇ ಸೇರುತ್ತದೆ. ಬೇಟೆಗಾರನಿಗೆ ಆಹಾರವಾಗಿ ಸತ್ತದ್ದಕ್ಕೂ ಒಡೆದು ಸತ್ತದ್ದಕ್ಕೂ ಇಂಗಾಲ ಹಿಡಿಯುವ ದಾರಿ ಬೇರೆ ಬೇರೆ.

ಹೆಚ್ಚಿನ ಜಾಗತಿಕ ಮಾದರಿಗಳಲ್ಲಿ ಇವೆಲ್ಲ ಎಲ್ಲಿವೆ? ವೈರಸ್ ಎಂಬ ಪೆಟ್ಟಿಗೆ ಸಾಮಾನ್ಯವಾಗಿ ಇರುವುದೇ ಇಲ್ಲ. ದಿನಕ್ಕೆ ಇಷ್ಟು ಭಾಗ ಸಾಯುತ್ತದೆ ಎಂಬ ಒಂದು ಸ್ಥಿರಾಂಕದೊಳಗೆ ಅದೂ ಸೇರಿಹೋಗಿರುತ್ತದೆ. ಸರಪಳಿಯ ತುದಿಯಲ್ಲಿರುವ ಪ್ರಾಣಿಪ್ಲವಕವನ್ನು ಯಾರು ತಿನ್ನುತ್ತಾರೆ ಎಂಬುದನ್ನೂ ಎಲ್ಲೋ ಒಂದು ಕಡೆ ಮುಗಿಸಲೇಬೇಕು. ಆ ಮುಕ್ತಾಯದ ಪದವನ್ನು ಸಂಖ್ಯೆಗೆ ನೇರ ಅನುಪಾತದಲ್ಲಿ ಬರೆಯುವುದೋ ವರ್ಗಕ್ಕೆ ಅನುಪಾತದಲ್ಲಿ ಬರೆಯುವುದೋ? ಕೇಳಲು ಕ್ಷುಲ್ಲಕ ಆಯ್ಕೆ. ಆದರೆ ಅದೊಂದೇ ಬದಲಾವಣೆಯಿಂದ ಇಡೀ ಮಾದರಿ ಏರಿಳಿಯುತ್ತಲೇ ಇರುತ್ತದೋ ಅಥವಾ ಒಂದೆಡೆ ನೆಲೆಗೊಳ್ಳುತ್ತದೋ ಎಂಬುದು ತೀರ್ಮಾನವಾಗಬಹುದು ಎಂದು ಜಾನ್ ಸ್ಟೀಲ್ ಮತ್ತು ಎರಿಕ್ ಹೆಂಡರ್ಸನ್ 1992ರಲ್ಲಿ ತೋರಿಸಿದರು. ಮಾದರಿ ಕಟ್ಟುವವರು ಆ ಪದವನ್ನು ಆರಿಸುವಾಗ ಲೆಕ್ಕ ಸ್ಥಿರವಾಗಿ ಓಡುವ ಅನುಕೂಲಕ್ಕೂ ಮನಸೋಲುತ್ತಾರೆ ಎಂಬುದು ಈ ವಲಯದಲ್ಲಿ ಎಲ್ಲರಿಗೂ ಗೊತ್ತು.

ಜೀನ್‌ಗಳನ್ನು ಓದುವ ತಂತ್ರಜ್ಞಾನ ಇದನ್ನು ಬಗೆಹರಿಸಲಿಲ್ಲವೇ ಎಂದು ನೀವು ಕೇಳಬಹುದು. 2009ರಿಂದ 2013ರವರೆಗೆ ತಾರಾ ಎಂಬ ಹಾಯಿಹಡಗು ಲೋಕದ ಸಾಗರಗಳನ್ನೆಲ್ಲ ಸುತ್ತಿ ನೀರಿನ ಸ್ಯಾಂಪಲ್‌ಗಳನ್ನು ತಂದಿತು. ಅದರಿಂದ ಸುಮಾರು ನಾಲ್ಕು ಕೋಟಿ ಜೀನ್‌ಗಳ ಪಟ್ಟಿ 2015ರಲ್ಲಿ ಹೊರಬಂತು. ಅದ್ಭುತ ಕೆಲಸ, ಅನುಮಾನವಿಲ್ಲ. ಆದರೆ ಜೀನ್ ಹೇಳುವುದು ಏನು ಮಾಡಬಲ್ಲದು ಎಂಬುದನ್ನು. ಸಮೀಕರಣಕ್ಕೆ ಬೇಕಾಗಿರುವುದು ಎಷ್ಟು ವೇಗದಲ್ಲಿ ಮಾಡುತ್ತದೆ ಎಂಬುದು. ಜೊತೆಗೆ ಇಲ್ಲದ ಜೀನ್‌ಗಳೂ ಕಥೆ ಹೇಳುತ್ತವೆ. ಪ್ರೊಕ್ಲೊರೊಕಾಕಸ್‌ಗೆ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕೆಟಲೇಸ್ ಕಿಣ್ವದ ಜೀನ್ ಇಲ್ಲ. ಅಕ್ಕಪಕ್ಕದ ಬ್ಯಾಕ್ಟೀರಿಯಾಗಳು ನೀರನ್ನು ಶುದ್ಧವಾಗಿಡುತ್ತವೆ, ಇದು ಆ ನೆರಳಿನಲ್ಲಿ ಬದುಕುತ್ತದೆ. ಇಂತಹ ನೆರೆಹೊರೆಯ ಅವಲಂಬನೆಗೆ ಜಾಗತಿಕ ಮಾದರಿಗಳಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಬೆಳವಣಿಗೆಯ ಪದವನ್ನು ನಂಬಬಹುದು ಎಂದೆನಲ್ಲ, ಅದರಲ್ಲೂ ಒಂದು ಬಿರುಕು ಇತ್ತೀಚೆಗೆ ಕಾಣಿಸಿದೆ. ಉಷ್ಣತೆ ಹೆಚ್ಚಿದಂತೆ ಬೆಳವಣಿಗೆಯ ಗರಿಷ್ಠ ವೇಗ ಘಾತೀಯವಾಗಿ ಏರುತ್ತದೆ ಎಂಬ ಒಂದು ವಕ್ರರೇಖೆಯನ್ನು ರಿಚರ್ಡ್ ಎಪ್ಲಿ 1972ರಲ್ಲಿ ಕೊಟ್ಟರು. ಹತ್ತು ಡಿಗ್ರಿಗೆ ವೇಗ 1.88 ಪಟ್ಟು. ಬಹಳಷ್ಟು ಮಾದರಿಗಳು ಇದನ್ನೇ ಬಳಸುತ್ತವೆ. ಆದರೆ ಅದು ಅನೇಕ ಜಾತಿಗಳ ಅಳತೆಗಳ ಮೇಲಂಚನ್ನು ಸವರಿಕೊಂಡು ಎಳೆದ ರೇಖೆ. ಯಾವುದೇ ಒಂದು ಜಾತಿ ಅದರ ಮೇಲೆ ನಡೆಯುವುದಿಲ್ಲ, ಒಂದು ಮಿತಿ ದಾಟಿದ ಮೇಲೆ ಕುಸಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ಹಡಗಿನ ನೀರಿನ ಕೊಳವೆಗೆ ಜೋಡಿಸಿ ಎಡೆಬಿಡದೆ ಓಡಿಸಬಹುದಾದ ಫ್ಲೋ ಸೈಟೋಮೀಟರನ್ನು ರೂಪಿಸಿದೆ. ಹತ್ತು ವರ್ಷಕ್ಕೂ ಹೆಚ್ಚು ಕಾಲದ ಹಡಗುಯಾನಗಳಲ್ಲಿ ಪ್ರೊಕ್ಲೊರೊಕಾಕಸ್ ಕೋಶಗಳ ಗಾತ್ರ ಹಗಲಿನಲ್ಲಿ ಹಿಗ್ಗಿ ರಾತ್ರಿ ವಿಭಜನೆಯಾಗಿ ಕುಗ್ಗುವುದನ್ನು ಹಿಡಿದು, ಬಾಟಲಿಯಿಲ್ಲದೆ, ಕಡಲಿನಲ್ಲಿಯೇ ವಿಭಜನೆಯ ವೇಗ ಲೆಕ್ಕ ಹಾಕಿದರು. 2025ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸುಮಾರು 28 ಡಿಗ್ರಿ ಸೆಲ್ಸಿಯಸ್‌ವರೆಗೆ ವೇಗ ಏರಿ, ಅದರಾಚೆ ಥಟ್ಟನೆ ಇಳಿಯುತ್ತದೆ. ಬಿಸಿನೀರು ಈ ಜೀವಿಗೆ ಹಬ್ಬ ಎಂದು ಬಹುಕಾಲ ಊಹಿಸಿದ್ದೆವು. ತನ್ನ ಜೀನೋಮ್ ಅನ್ನು, ಅಂದರೆ ಜೀನ್‌ಗಳ ಒಟ್ಟು ಗಂಟನ್ನು, ಅಷ್ಟು ಚಿಕ್ಕದು ಮಾಡಿಕೊಂಡ ಜೀವಿ ಬಿಸಿ ತಾಳುವ ಸಲಕರಣೆಗಳನ್ನೂ ಬಿಸುಟಿರಬಹುದು ಎಂಬುದು ಈಗಿನ ವಿವರಣೆ.

ಈ 28 ಡಿಗ್ರಿ ನಮಗೆ ದೂರದ ಸಂಖ್ಯೆಯಲ್ಲ. ಮುಂಗಾರಿಗೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಲಕ್ಷದ್ವೀಪದ ಸುತ್ತ ಆಗ್ನೇಯ ಅರಬ್ಬಿ ಸಮುದ್ರದ ಮೇಲ್ಮೈ 30 ಡಿಗ್ರಿ ದಾಟುತ್ತದೆ.

ನಿಮ್ಮ ಮೂರನೆಯ ಪ್ರಶ್ನೆಗೆ ಹೀಗೆ ಬಂದು ಮುಟ್ಟಿದೆವು. ಅರಬ್ಬಿ ಸಮುದ್ರ ಮಾದರಿಗಳಿಗೆ ಕಠಿಣ ಪರೀಕ್ಷೆ. ವರ್ಷಕ್ಕೆ ಎರಡು ಬಾರಿ ಗಾಳಿ ದಿಕ್ಕು ಬದಲಿಸುವ ಸಾಗರ ಇದು. ಮುಂಗಾರಿನಲ್ಲಿ ಕರಾವಳಿಯ ಬಳಿ ಆಳದ ತಣ್ಣನೆಯ ನೀರು ಮೇಲೇಳುತ್ತದೆ, ಅದರ ಜೊತೆ ಪೋಷಕಾಂಶವೂ ಬರುತ್ತದೆ. ಚಳಿಗಾಲದಲ್ಲಿ ಉತ್ತರದ ಒಣ ತಂಪುಗಾಳಿಗೆ ಮೇಲ್ಪದರ ತಣಿದು ಭಾರವಾಗಿ ಕೆಳಗಿಳಿದು ಬೆರೆಯುವುದರಿಂದ ಮತ್ತೊಮ್ಮೆ ಉತ್ಪಾದನೆ ಏರುತ್ತದೆ. ಈ ಚಳಿಗಾಲದ ಯಂತ್ರವನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಎಂ. ಮಧುಪ್ರತಾಪ್ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದರು. ಅದೇ ಕಾಲದ ಸಮೀಕ್ಷೆಗಳಲ್ಲಿ ಒಂದು ವಿಚಿತ್ರವೂ ಕಂಡಿತು. ಮಧ್ಯ ಅರಬ್ಬಿ ಸಮುದ್ರದಲ್ಲಿ ಸಸ್ಯಪ್ಲವಕ ಋತುವಿಗೆ ತಕ್ಕಂತೆ ಏರಿಳಿದರೂ ಪ್ರಾಣಿಪ್ಲವಕದ ಪ್ರಮಾಣ ವರ್ಷವಿಡೀ ಹೆಚ್ಚುಕಡಿಮೆ ಸಮನಾಗಿತ್ತು. ಹುಲ್ಲಿಲ್ಲದ ಕಾಲದಲ್ಲಿ ಅವು ಏನು ತಿನ್ನುತ್ತಿದ್ದವು? ಒಪ್ಪಬಹುದಾದ ಉತ್ತರ ಸೂಕ್ಷ್ಮಜೀವಿ ವರ್ತುಲ: ಬ್ಯಾಕ್ಟೀರಿಯಾಗಳನ್ನು ತಿಂದು ಬೆಳೆದ ಏಕಕೋಶ ಬೇಟೆಗಾರರೇ ಆಗ ಮೇವು. ನೇರ ಸರಪಳಿಯ ಮಾದರಿಯಿಂದ ಈ ಉತ್ತರ ಹೊರಡಲು ಸಾಧ್ಯವೇ ಇಲ್ಲ.

ಇದರ ಕೆಳಗೆ, ಸುಮಾರು 150ರಿಂದ 1,000 ಮೀಟರ್ ಆಳದವರೆಗೆ, ಆಮ್ಲಜನಕ ತೀರಾ ಕಡಿಮೆಯಿರುವ ಪದರವಿದೆ. ಪ್ರಪಂಚದ ಅತಿ ದೊಡ್ಡ ಇಂತಹ ಪದರಗಳಲ್ಲಿ ಇದೂ ಒಂದು. ಮೇಲಿನಿಂದ ಉದುರುವ ಸಾವಯವ ಕಸವನ್ನು ಬ್ಯಾಕ್ಟೀರಿಯಾ ಉರಿಸುತ್ತ ಆಮ್ಲಜನಕ ಮುಗಿಸುತ್ತವೆ, ಮುಗಿದ ಮೇಲೆ ನೈಟ್ರೇಟನ್ನು ಉಸಿರಾಡುತ್ತವೆ. ಆ ನೈಟ್ರೇಟ್ ಸಾರಜನಕ ಅನಿಲವಾಗಿ ಸಾಗರದಿಂದ ಕಳೆದುಹೋಗುತ್ತದೆ. ನಡುವೆ ನೈಟ್ರಸ್ ಆಕ್ಸೈಡ್ ಎಂಬ ಪ್ರಬಲ ಹಸಿರುಮನೆ ಅನಿಲವೂ ಹೊರಬೀಳುತ್ತದೆ. ಮುಂಗಾರಿನ ಕೊನೆಗೆ ಇಂತಹ ಆಮ್ಲಜನಕಹೀನ ನೀರು ನಮ್ಮ ಪಶ್ಚಿಮ ಕರಾವಳಿಯ ಆಳವಿಲ್ಲದ ಭಾಗಕ್ಕೂ ಏರಿ ಬರುತ್ತದೆ ಎಂದು ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಇನ್ನೊಂದು ಸ್ವಾರಸ್ಯ: ಈ ಪದರದ ಮೇಲಂಚಿನಲ್ಲಿ, ಬೆಳಕು ನೆಪಮಾತ್ರಕ್ಕೆ ಇರುವಲ್ಲಿ, ಪ್ರೊಕ್ಲೊರೊಕಾಕಸ್‌ನ ಮಂದಬೆಳಕಿನ ಪಂಗಡವೊಂದು ದಟ್ಟವಾಗಿ ಬೆಳೆಯುತ್ತದೆ. ಉಪಗ್ರಹಕ್ಕೆ ಅದು ಕಾಣುವುದೇ ಇಲ್ಲ, ಉಪಗ್ರಹ ನೋಡುವುದು ಮೇಲಿನ ಕೆಲವು ಹತ್ತು ಮೀಟರ್ ಮಾತ್ರ.

ಕೆಲವು ವರ್ಷಗಳಿಂದ ಉಡುಪಿ, ಮಂಗಳೂರು ತೀರಗಳಲ್ಲಿ ಆಗಾಗ ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುವುದನ್ನು ನೀವು ನೋಡಿರಬಹುದು. ಅದಕ್ಕೆ ಸಾಮಾನ್ಯ ಕಾರಣ ನಾಕ್ಟಿಲೂಕ ಎಂಬ ಏಕಕೋಶ ಜೀವಿ. ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲದಲ್ಲಿ ಹಬ್ಬುವ ಅದರ ಹಸಿರು ಬಗೆ ತನ್ನೊಳಗೆ ಪಾಚಿಯನ್ನು ಸಾಕಿಕೊಂಡು ಆಹಾರ ತಯಾರಿಸಿಕೊಳ್ಳುತ್ತದೆ, ಸಿಕ್ಕರೆ ಬೇರೆ ಜೀವಿಗಳನ್ನೂ ನುಂಗುತ್ತದೆ. ಅದು ಯಾಕೆ ಹಬ್ಬಿತು, ಆಮ್ಲಜನಕದ ಕೊರತೆಯೇ ಕಾರಣವೇ ಎಂಬ ಬಗ್ಗೆ ವಾದ ಮುಗಿದಿಲ್ಲ. ಮಾದರಿಗಾರನ ತಲೆನೋವು ಬೇರೆ: ಇದನ್ನು ಸಸ್ಯದ ಪೆಟ್ಟಿಗೆಗೆ ಹಾಕುವುದೋ, ಪ್ರಾಣಿಯ ಪೆಟ್ಟಿಗೆಗೋ? ಎರಡೂ ಆಗಿರುವ ಜೀವಿಗಳು ಕಡಲಿನಲ್ಲಿ ಅಪವಾದವಲ್ಲ ಎಂದು ಈಗ ತಿಳಿದಿದೆ. ಪೆಟ್ಟಿಗೆಗಳ ಹಳೆಯ ವಿಂಗಡಣೆಯನ್ನೇ ಕೈಬಿಟ್ಟ ಮಾದರಿಗಳು ಬರುತ್ತಿವೆ.

ಇಷ್ಟಾದ ಮೇಲೆ ಸಂಖ್ಯೆಗಳನ್ನು ನೋಡಿ. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕ ಶೇಕಡಾ 20ರವರೆಗೆ ಇಳಿದಿರಬಹುದು ಎಂದರು. ಇದಕ್ಕೆ ಅವರು ಕೊಟ್ಟ ಕಾರಣ ನಾನು ನಂಬುವ ಬಗೆಯದು, ಭೌತಿಕ ಕಾರಣ: ಮೇಲ್ಮೈ ಬಿಸಿಯಾಗಿ ಹಗುರವಾದರೆ ಕೆಳಗಿನ ಪೋಷಕಾಂಶ ಮೇಲೆ ಬರುವುದಕ್ಕೆ ಅಡ್ಡಿ. ಆದರೆ ಆರು ದಶಕಗಳಲ್ಲಿ ಉಪಗ್ರಹದ ನಿರಂತರ ಬಣ್ಣದ ದಾಖಲೆ ಇರುವುದು 1990ರ ದಶಕದ ಕೊನೆಯಿಂದ ಮಾತ್ರ, ಹಿಂದಿನ ಭಾಗ ಮಾದರಿಯದು. ಇನ್ನು 2100ರ ಜಾಗತಿಕ ಮುನ್ನೋಟಕ್ಕೆ ಬಂದರೆ, ಹವಾಮಾನ ವರದಿಗಳಿಗೆ ಬಳಸುವ ಇತ್ತೀಚಿನ ಮಾದರಿಗಳ ಗುಂಪಿನಲ್ಲಿ ಹೆಚ್ಚು ಬಿಸಿಯ ಸನ್ನಿವೇಶಕ್ಕೆ ಸರಾಸರಿ ಇಳಿಕೆ ಶೇಕಡಾ 3ರ ಆಸುಪಾಸು, ಮಾದರಿಯಿಂದ ಮಾದರಿಗೆ ಹರಡು ಅದರ ಎರಡೂ ಬದಿಗೆ ಶೇಕಡಾ ಸುಮಾರು 9. ಅಂದರೆ ಕೆಲವು ಮಾದರಿಗಳಲ್ಲಿ ಉತ್ಪಾದನೆ ಏರುತ್ತದೆ. ಸರಾಸರಿಯನ್ನಷ್ಟೇ ತಲೆಬರಹ ಮಾಡುವ ವರದಿಗಳನ್ನು ಓದುವಾಗ ಇದು ನೆನಪಿರಲಿ. ಅದೇ ಮಾದರಿಗಳು ಸಮುದ್ರ ಬಿಸಿಯಾಗುವುದರಲ್ಲಿ, ಆಮ್ಲೀಯವಾಗುವುದರಲ್ಲಿ, ಒಟ್ಟು ಆಮ್ಲಜನಕ ಕಳೆದುಕೊಳ್ಳುವುದರಲ್ಲಿ ಒಮ್ಮತದಿಂದಿವೆ. ಜೀವಿಗಳ ಪಾಲು ಹೆಚ್ಚಿದಂತೆ ಒಮ್ಮತ ಕರಗುತ್ತದೆ.

ನಮ್ಮ ಕರಾವಳಿಗೆ ಇನ್ನೊಂದು ಕಷ್ಟವಿದೆ, ಅದು ಗಾತ್ರದ್ದು. ಜಾಗತಿಕ ಮಾದರಿಗಳ ಒಂದು ಚೌಕ ಅನೇಕ ವೇಳೆ ಒಂದು ಡಿಗ್ರಿ, ಅಂದರೆ ಸುಮಾರು 110 ಕಿಲೋಮೀಟರ್. ಕರ್ನಾಟಕದ ಮುನ್ನೂರು ಚಿಲ್ಲರೆ ಕಿಲೋಮೀಟರ್ ಕರಾವಳಿ ಅಂತಹ ಮೂರು ಚೌಕಗಳಲ್ಲಿ ಮುಗಿಯುತ್ತದೆ. ನೀರು ಮೇಲೇಳುವ ಕ್ರಿಯೆ ದಡದಿಂದ ಕೆಲವೇ ಹತ್ತು ಕಿಲೋಮೀಟರ್‌ಗಳಲ್ಲಿ ನಡೆಯುತ್ತದೆ. ಬೂತಾಯಿ, ಬಂಗುಡೆಗಳ ಭವಿಷ್ಯವನ್ನು ಅಂತಹ ಚೌಕದಿಂದ ಓದಲು ಹೊರಡುವವರ ಧೈರ್ಯ ನನಗಿಲ್ಲ. ಅಂದಹಾಗೆ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಮೀನುಗಾರರಿಗೆ ಕಳುಹಿಸುವ ಸಂಭಾವ್ಯ ಮೀನುಗಾರಿಕಾ ವಲಯದ ಸೂಚನೆಯ ಬುನಾದಿ ಈ ಸೂಕ್ಷ್ಮಜೀವಿ ಮಾದರಿಗಳಲ್ಲ. ಉಪಗ್ರಹ ಕಂಡ ಮೇಲ್ಮೈ ಉಷ್ಣತೆ ಮತ್ತು ಪತ್ರಹರಿತ್ತಿನ (ಕ್ಲೋರೊಫಿಲ್) ನಕ್ಷೆಯಲ್ಲಿ ಗಡಿಗಳು ಎಲ್ಲಿ ಎದ್ದು ಕಾಣುತ್ತವೆ ಎಂದು ನೋಡಿ ಮುಂದಿನ ಕೆಲವು ದಿನಗಳಿಗೆ ಕೊಡುವ ಸೂಚನೆ ಅದು, ಅದರ ಕೆಲಸಕ್ಕೆ ಅದು ಒಳ್ಳೆಯದೇ. 2100ರ ಮುನ್ನೋಟವನ್ನೂ ನಾಳಿನ ಸೂಚನೆಯನ್ನೂ ಒಂದೇ ಹೆಸರಿನಿಂದ ಕರೆದು ಗೊಂದಲ ಮಾಡಿಕೊಳ್ಳುವುದು ಬೇಡ.

ನೀವು ಭೌತಶಾಸ್ತ್ರದವರಾದ್ದರಿಂದ ಒಂದು ಕೆಲಸ ಹೇಳುತ್ತೇನೆ. ಪೋಷಕಾಂಶ, ಸಸ್ಯಪ್ಲವಕ, ಪ್ರಾಣಿಪ್ಲವಕ, ಮೂರೇ ಚರಗಳ ಮಾದರಿಯನ್ನು ಪೈಥಾನ್‌ನಲ್ಲಿ ಬರೆಯಿರಿ. ಮೂರರ ಮೊತ್ತ ಬದಲಾಗದಂತೆ ಎಚ್ಚರ ವಹಿಸಿ, ಬದಲಾದರೆ ಎಲ್ಲೋ ಸಾರಜನಕ ಸೋರುತ್ತಿದೆ ಎಂದು ಅರ್ಥ. ಪ್ರಾಣಿಪ್ಲವಕದ ಸಾವಿನ ಪದವನ್ನು ಮೊದಲು ನೇರ ಅನುಪಾತದಲ್ಲಿ, ಆಮೇಲೆ ವರ್ಗದಲ್ಲಿ ಇಟ್ಟು ಓಡಿಸಿ, ಪೋಷಕಾಂಶದ ಒಟ್ಟು ಮೊತ್ತವನ್ನು ನಿಧಾನವಾಗಿ ಏರಿಸುತ್ತ ಹೋಗಿ. ಏರಿಳಿತ ಎಲ್ಲಿ ಹುಟ್ಟುತ್ತದೆ, ಎಲ್ಲಿ ಅಡಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಹವಾಯಿಯ ಉತ್ತರಕ್ಕಿರುವ ‘ಅಲೋಹಾ’ ಎಂಬ ಸಾಗರ ವೀಕ್ಷಣಾ ನಿಲ್ದಾಣದ ದತ್ತಾಂಶ ಇಳಿಸಿಕೊಳ್ಳಿ. 1988ರ ಅಕ್ಟೋಬರ್‌ನಿಂದ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಹಡಗು ಹೋಗಿ ಅಳೆದದ್ದು ಅದರಲ್ಲಿದೆ, ಯಾರು ಬೇಕಾದರೂ ಬಳಸಬಹುದು. ನಿಮ್ಮ ಎರಡು ಓಟಗಳಲ್ಲಿ ಯಾವುದು ಅದಕ್ಕೆ ಹತ್ತಿರ ಬಂತು ಎಂದು ನೋಡಿ. ಎರಡೂ ಸರಿಯೆನಿಸುವಂತೆ ಉಳಿದ ಸ್ಥಿರಾಂಕಗಳನ್ನು ತಿರುಗಿಸಲು ಸಾಧ್ಯವಾದರೆ, ಆ ಎರಡು ಮಾದರಿಗಳಿಗೆ ನಾಲ್ಕು ಡಿಗ್ರಿ ಬಿಸಿ ಸೇರಿಸಿ ಮತ್ತೆ ಓಡಿಸಿ, ಬಂದ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನನಗೆ ಬರೆಯಿರಿ.